ಪಡಿಯಚ್ಚು ಮತ್ತು ಅಸ್ಥಿಮಜ್ಜೆ: ವಯಸ್ಕರ ಸೊಂಟದ ಕೀಲಿನ ಕಾಂತೀಯ ಚಿತ್ರಗಳನ್ನು ಓದುವ ಕ್ರಮವನ್ನು ಕುರಿತ ಒಂದು ವಿಮರ್ಶೆ

ವೈದ್ಯವಿಜ್ಞಾನಕ್ಕೆ ಸೇರಿದ ವಿಷಯವೊಂದನ್ನು ಇತಿಹಾಸದ ಅಧ್ಯಾಪಕನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವು ವಾಚಕರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದುದರಿಂದ ಲೇಖನದ ಎಲ್ಲೆಯನ್ನು ಮೊದಲೇ ಗೊತ್ತುಪಡಿಸುವುದು ಯುಕ್ತ. ಇಲ್ಲಿ ವಿಚಾರಕ್ಕೆ ಬರುವುದು ಚಿಕಿತ್ಸೆಯಲ್ಲ. ಒಂದು ಬಗೆಯ ದಾಖಲೆಯನ್ನು ಓದುವ ಕ್ರಮ. ವಯಸ್ಕರ ಸೊಂಟದ ಕೀಲಿನಲ್ಲಿರುವ ಅಸ್ಥಿಮಜ್ಜೆಯನ್ನು ಕಾಂತೀಯ ಅನುರಣನದಿಂದ, ಎಂದರೆ ಜನರು ಎಂ.ಆರ್.ಐ. ಎಂದು ಕರೆಯುವ ವಿಧಾನದಿಂದ, ಚಿತ್ರಿಸಿದಾಗ ದೊರೆಯುವ ಬಿಳಿ-ಕಪ್ಪಿನ ಹಾಳೆಯೇ ಆ ದಾಖಲೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ರೈತನೊಬ್ಬನು ಕಾಲನ್ನೂರಲಾರದೆ ಮಂಡ್ಯಕ್ಕೋ ಮೈಸೂರಿಗೋ, ನಾಗಮಂಗಲ ತಾಲ್ಲೂಕಿನಲ್ಲಿಯೇ 1986ರಲ್ಲಿ ಸ್ಥಾಪಿತವಾದ ಬಿ.ಜಿ. ನಗರದ ವೈದ್ಯಕೀಯ ಮಹಾವಿದ್ಯಾಲಯಕ್ಕೋ ಹೋದಾಗ, ಅವನ ಮುಂದಿನ ಬಾಳು ಹಲವು ವೇಳೆ ಈ ಹಾಳೆಯ ಓದಿನ ಮೇಲೆ ನಿಲ್ಲುತ್ತದೆ. ಒಂದು ದಾಖಲೆಯ ಓದಿನ ಮೇಲೆ ಒಬ್ಬ ಮನುಷ್ಯನ ನಡಿಗೆಯೇ ನಿಂತಿರುವಾಗ, ದಾಖಲೆಗಳನ್ನು ಓದುವುದನ್ನೇ ಕಸಬಾಗಿ ಮಾಡಿಕೊಂಡವರು ಅದರ ಬಗೆಗೆ ಎರಡು ಮಾತನಾಡುವುದು ತಪ್ಪಾಗಲಾರದು.

ಈ ನಾಲ್ಕು ತಾಲ್ಲೂಕುಗಳನ್ನು ಹೆಸರಿಸಿದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ಶಾಸನಗಳು. ರೈಸರು ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟವನ್ನು 1894ರಲ್ಲಿಯೂ ನಾಲ್ಕನೆಯದನ್ನು 1898ರಲ್ಲಿಯೂ ಹೊರತಂದಾಗ ಇವೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದುವು. ಮಂಡ್ಯ ಜಿಲ್ಲೆ ಪ್ರತ್ಯೇಕವಾದುದು 1939ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಆವೃತ್ತಿಯನ್ನು ಕೈಗೊಂಡಾಗ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು ಆರನೆಯ ಸಂಪುಟದಲ್ಲಿ (1977) ಬಂದುವು. ನಾಗಮಂಗಲದವು ಏಳನೆಯದರಲ್ಲಿ (1979) ಸೇರಿದುವು. ಹಳೆಯ ಸಂಪುಟವನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ವಿದ್ಯಾರ್ಥಿಗೆ ಒಂದು ಸಂಗತಿ ತಾನಾಗಿಯೇ ಮನದಟ್ಟಾಗುತ್ತದೆ: ಕಲ್ಲು ಅದೇ, ಅಕ್ಷರ ಅದೇ, ಆದರೂ ಪಾಠ ಬೇರೆಯಾಗಬಲ್ಲದು. ಏಕೆಂದರೆ ಸಂಪಾದಕರು ಬಹುಮಟ್ಟಿಗೆ ಓದುವುದು ಕಲ್ಲನ್ನಲ್ಲ, ಅದರ ಪಡಿಯಚ್ಚನ್ನು. ನೆನೆಸಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಬಡಿದು, ಮಸಿ ಒತ್ತಿದಾಗ ಕೊರೆದ ಗೆರೆ ಬಿಳಿಯಾಗಿ ಉಳಿಯುತ್ತದೆ. ಆದರೆ ಕಲ್ಲಿನ ಚಕ್ಕೆ ಎದ್ದ ಜಾಗವೂ ಬಿಳಿಯೇ. ಮಸಿ ಹೆಚ್ಚಾದರೆ ಒಂದು ಕೊಂಬು ಅಳಿಯುತ್ತದೆ. ಕಡಿಮೆಯಾದರೆ ಇಲ್ಲದ ದೀರ್ಘವೊಂದು ಹುಟ್ಟುತ್ತದೆ. ಪಡಿಯಚ್ಚು ಸುಳ್ಳು ಹೇಳುವುದಿಲ್ಲ. ಆದರೆ ಅದು ಕಲ್ಲಲ್ಲ.

ಕಾಂತೀಯ ಚಿತ್ರವೂ ಇಂತಹದೊಂದು ಪಡಿಯಚ್ಚೇ ಎಂಬುದು ಈ ಲೇಖನದ ಮೊದಲ ಪ್ರತಿಪಾದನೆ. ಸಾಮಾನ್ಯರು, ಓದಿದವರೂ ಕೂಡ, ಇದನ್ನು ದೇಹದ ಒಳಗನ್ನು ಕಂಡ ಛಾಯಾಚಿತ್ರವೆಂದು ಭಾವಿಸುತ್ತಾರೆ. ವಾಸ್ತವವಾಗಿ ಇಲ್ಲಿ ಬೆಳಕಿಲ್ಲ, ನೆರಳೂ ಇಲ್ಲ. 1.5 ಟೆಸ್ಲಾ ಶಕ್ತಿಯ ಅಯಸ್ಕಾಂತದೊಳಗೆ, ಎಂದರೆ ಭೂಮಿಯ ಸಹಜ ಕಾಂತಕ್ಷೇತ್ರದ ಮೂವತ್ತು ಸಾವಿರ ಪಟ್ಟಿನಷ್ಟು ಬಲವಾದ ಕ್ಷೇತ್ರದಲ್ಲಿ, ಮಲಗಿದವನ ಮೈಯ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಇರುವ ಜಲಜನಕದ ಬೀಜಕಣಗಳು ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸಲ ಸ್ಪಂದಿಸುವ ರೇಡಿಯೋ ಅಲೆಗೆ ಓಗೊಡುತ್ತವೆ. ಅಲೆ ನಿಂತಮೇಲೆ ಅವು ತಮ್ಮ ಮೊದಲಿನ ಸ್ಥಿತಿಗೆ ಮರಳುವ ವೇಗ ಕೊಬ್ಬಿನಲ್ಲಿ ಒಂದು, ನೀರಿನಲ್ಲಿ ಮತ್ತೊಂದು. ಈ ವೇಗಭೇದವನ್ನೇ ಗಣಿತದಿಂದ ಬಿಳಿ-ಕಪ್ಪಿಗೆ ತಿರುಗಿಸಿ ಚಿತ್ರವೆಂದು ಕರೆಯುತ್ತಾರೆ. ಟಿ-1 ಎಂಬ ಕ್ರಮದಲ್ಲಿ ಕೊಬ್ಬು ಬೆಳ್ಳಗೆ, ನೀರು ಕಪ್ಪಗೆ. ಕೊಬ್ಬಿನ ಸದ್ದಡಗಿಸಿದ ಟಿ-2 ಕ್ರಮದಲ್ಲಿ ನೀರು ಬೆಳ್ಳಗೆ, ಕೊಬ್ಬು ಕಪ್ಪಗೆ. ಒಂದೇ ಕಲ್ಲಿಗೆ ಎರಡು ಬಗೆಯ ಮಸಿ ಹಾಕಿ ಎರಡು ಅಚ್ಚು ತೆಗೆದಂತೆ. ಒಂದನ್ನೇ ನೋಡಿ ಪಾಠವನ್ನು ನಿರ್ಣಯಿಸುವವನು ಒಳ್ಳೆಯ ಸಂಪಾದಕನಲ್ಲ.

ಈ ವಿದ್ಯೆ ಹುಟ್ಟಿದ ಕಥೆಯನ್ನು ಪಠ್ಯಗಳು 1946ರ ಬ್ಲಾಕ್ ಮತ್ತು ಪರ್ಸೆಲ್ಲರಿಂದ ಆರಂಭಿಸಿ, 1973ರ ಲಾಟರ್ಬರರ ಮೊದಲ ಚಿತ್ರಕ್ಕೆ ಹಾರಿ, ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡರಿಗೆ ಬಂದ 2003ರ ನೊಬೆಲ್ ಪಾರಿತೋಷಕದೊಂದಿಗೆ ಮುಗಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬುವರು 1951ರಷ್ಟು ಹಿಂದೆಯೇ ಹರಿಯುವ ದ್ರವಗಳಲ್ಲಿ ಈ ಅನುರಣನವನ್ನು ಅಳೆದು ಪ್ರಕಟಿಸಿದ್ದರೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರುವುದು ಅಪರೂಪ. ಶ್ರೀರಂಗಪಟ್ಟಣದಿಂದ ಎಂಬತ್ತು ಮೈಲಿಯೊಳಗೆ ನಡೆದ ಕೆಲಸವಿದು.

ಇನ್ನು ಮಜ್ಜೆಯ ವಿಚಾರ. ಪುರಾತತ್ತ್ವವನ್ನು ಅಭ್ಯಾಸಮಾಡಿದವರಿಗೆ ಪರಿಚಯವಿರುವುದು ಒಣಗಿದ ಮೂಳೆ. ಸಮಾಧಿಯೊಂದನ್ನು ಅಗೆದಾಗ ಉಳಿದಿರುವುದು ಸುಣ್ಣದ ಭಾಗ ಮಾತ್ರ. ಮಜ್ಜೆ ಎಂದೋ ಮಣ್ಣಾಗಿರುತ್ತದೆ. ಎಕ್ಸ್-ರೇ ಕೂಡ ಒಂದರ್ಥದಲ್ಲಿ ಇದೇ ಒಣ ಮೂಳೆಯನ್ನು ಕಾಣುತ್ತದೆ. ಕಾಂತೀಯ ಚಿತ್ರದಲ್ಲಿ ಸಂಗತಿ ತಿರುವುಮುರುವು: ಗಟ್ಟಿಮೂಳೆಯ ಕವಚ ಸದ್ದಿಲ್ಲದೆ ಕಪ್ಪು ಗೆರೆಯಾಗಿ ನಿಲ್ಲುತ್ತದೆ, ಒಳಗಿನ ಮಜ್ಜೆ ಮಾತನಾಡುತ್ತದೆ. ಈ ಮಜ್ಜೆಯಲ್ಲಿ ಎರಡು ಬಗೆ. ರಕ್ತಕಣಗಳನ್ನು ತಯಾರಿಸುವ ಕೆಂಪು ಮಜ್ಜೆಯಲ್ಲಿ ಕೊಬ್ಬು ನೂರಕ್ಕೆ ಸುಮಾರು 40, ನೀರು 40, ಉಳಿದುದು ಸಸಾರಜನಕ. ಆ ಕೆಲಸವನ್ನು ಬಿಟ್ಟು ವಿಶ್ರಮಿಸಿರುವ ಹಳದಿ ಮಜ್ಜೆಯಲ್ಲಿ ಕೊಬ್ಬು 80, ನೀರು 15. ರಕ್ತ ಹುಟ್ಟುವುದು ಮಜ್ಜೆಯಲ್ಲಿ ಎಂಬುದನ್ನು 1868ರಲ್ಲಿ ನ್ಯೂಮನ್ ಮತ್ತು ಬಿಟ್ಸೊಜೆರೊ ಎಂಬಿಬ್ಬರು ತೋರಿಸಿಕೊಟ್ಟರು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ದೊಡ್ಡ ಮೂಳೆಗಳ ಒಳಗಿರುವುದನ್ನು ಮಜ್ಜೆಯೆಂದೂ, ಉಳಿದ ಮೂಳೆಗಳಲ್ಲಿರುವುದನ್ನು ರಕ್ತದಿಂದ ಕೂಡಿದ ಮೇದಸ್ಸೆಂದೂ ಬೇರ್ಪಡಿಸಿರುವುದುಂಟು. ಹೆಣವನ್ನು ನೀರಿನಲ್ಲಿ ಕೊಳೆಸಿ ಪರೀಕ್ಷಿಸಿದ ಕಣ್ಣಿಗೆ ಎರಡು ಬಣ್ಣಗಳು ಕಂಡುದರಲ್ಲಿ ಆಶ್ಚರ್ಯವಿಲ್ಲ. ಅದು ಮೆಚ್ಚತಕ್ಕ ಅವಲೋಕನ. ಆದರೆ ಇಷ್ಟರಿಂದಲೇ ಪ್ರಾಚೀನರಿಗೆ ರಕ್ತೋತ್ಪತ್ತಿಯ ರಹಸ್ಯ ತಿಳಿದಿತ್ತೆಂದು ವಾದಿಸುವುದು ಇತಿಹಾಸವಾಗಲಾರದು. ಆಯುರ್ವೇದದ ಧಾತುಕ್ರಮದಲ್ಲಿ ರಕ್ತವು ಎರಡನೆಯದು, ಮಜ್ಜೆ ಆರನೆಯದು. ಅಲ್ಲಿ ರಕ್ತದಿಂದ ಕ್ರಮವಾಗಿ ಮಜ್ಜೆ ಹುಟ್ಟುತ್ತದೆಯೇ ಹೊರತು ಮಜ್ಜೆಯಿಂದ ರಕ್ತವಲ್ಲ.

ಹುಟ್ಟಿದ ಮಗುವಿನ ಮೂಳೆಗಳಲ್ಲಿ ಇರುವುದು ಬಹುತೇಕ ಕೆಂಪು ಮಜ್ಜೆಯೇ. ವಯಸ್ಸು ಏರಿದಂತೆ ಬೆರಳುಗಳಿಂದ ಹಿಡಿದು ದೇಹದ ನಡುವಿನ ಕಡೆಗೆ ಅದು ಹಳದಿಯಾಗುತ್ತ ಬಂದು, ಸುಮಾರು 25ರ ಹೊತ್ತಿಗೆ ವಯಸ್ಕರ ಹಂಚಿಕೆ ನೆಲೆಗೊಳ್ಳುತ್ತದೆ. ಸೊಂಟದ ಕೀಲು ಇಲ್ಲಿ ವಿಶೇಷ ಸ್ಥಳ. ತೊಡೆಮೂಳೆಯ ತಲೆಯೂ ಅದರ ಹೊರಬದಿಯ ಗುಬುಟೂ ಬಾಲ್ಯದಲ್ಲಿಯೇ ಹಳದಿಯಾಗುತ್ತವೆ. ಕುತ್ತಿಗೆಯಲ್ಲಿಯೂ ಅದರ ಕೆಳಭಾಗದಲ್ಲಿಯೂ, ಮೇಲಿನ ಶ್ರೋಣಿಯ ಮೂಳೆಯಲ್ಲಿಯೂ ಕೆಂಪು ಮಜ್ಜೆ ದೀರ್ಘಕಾಲ ಉಳಿಯುತ್ತದೆ. ಹೀಗೆ ಎರಡೂ ಬಗೆ ಅಂಗೈಯಗಲದ ಜಾಗದಲ್ಲಿ ನೆರೆಹೊರೆಯಾಗಿರುವುದರಿಂದ ಈ ಕೀಲಿನ ಚಿತ್ರವನ್ನು ಓದುವುದು ಸುಲಭವಲ್ಲ. ಟಿ-1 ಅಚ್ಚಿನಲ್ಲಿ ಹಳದಿ ಮಜ್ಜೆ ಬೆಳ್ಳಗೆ, ಕೆಂಪು ಮಜ್ಜೆ ಬೂದು. ಅರ್ಬುದರೋಗದಿಂದ ಮಜ್ಜೆ ತುಂಬಿಹೋದಾಗಲೂ ಅಲ್ಲಿ ಬೂದು, ಇಲ್ಲವೆ ಕಪ್ಪು. ಬೂದಿಗೂ ಕಪ್ಪಿಗೂ ಗಡಿ ಯಾವುದು? ಪಕ್ಕದ ಸ್ನಾಯುವೇ ಅಳತೆಗೋಲು ಎಂದು ಶಾಸ್ತ್ರಜ್ಞರು ಒಪ್ಪಿದ್ದಾರೆ: ಸ್ನಾಯುವಿಗಿಂತ ಬೆಳ್ಳಗಿದ್ದರೆ ಸಹಜ ಮಜ್ಜೆಯಾಗಿರುವ ಸಂಭವ ಹೆಚ್ಚು, ಅಷ್ಟೇ ಕಪ್ಪು, ಅಥವಾ ಇನ್ನೂ ಕಪ್ಪಾಗಿದ್ದರೆ ಅನುಮಾನಿಸಬೇಕು.

ಇಲ್ಲಿಯೇ ನಮ್ಮ ಮುಖ್ಯ ಆಕ್ಷೇಪಣೆ ಹುಟ್ಟುತ್ತದೆ. 'ಸಹಜ'ವೆಂಬ ಮಾತು ಯಾರ ದೇಹವನ್ನು ನೋಡಿ ನಿಶ್ಚಯಿಸಿದುದು? 1988ರ ವೋಗ್ಲರ್-ಮರ್ಫಿಯರ ಲೇಖನ, 1990ರ ರಿಚ್ಚಿ ಮೊದಲಾದವರ ಲೇಖನ, ಇವೆರಡೂ ಮಜ್ಜೆಯ ವಯೋಧರ್ಮವನ್ನು ಚಿತ್ರಗಳಿಂದ ನಿರೂಪಿಸಿದ ಆಧಾರಗ್ರಂಥಗಳಂತೆ ಇಂದಿಗೂ ಉದ್ಧೃತವಾಗುತ್ತಿವೆ. ಅವುಗಳ ಶಿಸ್ತನ್ನೂ ಉಪಕಾರವನ್ನೂ ಅಲ್ಲಗಳೆಯುವುದು ಸಾಧ್ಯವಿಲ್ಲ. ಆದರೆ ಹಳದಿಯಾದ ಮಜ್ಜೆ ಅವಶ್ಯಬಿದ್ದಾಗ ಮತ್ತೆ ಕೆಂಪಾಗುತ್ತದೆಂಬುದೂ ಅದೇ ಶಾಸ್ತ್ರದ ಮಾತೇ ಆಗಿದೆ. ದೇಹಕ್ಕೆ ರಕ್ತ ಸಾಲದೆ ಬಂದಾಗ ವಿಶ್ರಾಂತಿಯಲ್ಲಿದ್ದ ಮಜ್ಜೆಯನ್ನು ಪುನಃ ಕೆಲಸಕ್ಕೆ ಕರೆಯಲಾಗುತ್ತದೆ. ಬಂದ ದಾರಿಯಲ್ಲಿಯೇ ಹಿಂದಿರುಗುವಂತೆ, ನಡುವಿನಿಂದ ತುದಿಗಳ ಕಡೆಗೆ. ದೂರದ ಓಟಗಾರರಲ್ಲಿ, ಹೆಚ್ಚು ಧೂಮಪಾನ ಮಾಡುವವರಲ್ಲಿ, ಎತ್ತರದ ಪ್ರದೇಶಗಳ ನಿವಾಸಿಗಳಲ್ಲಿ ಇದು ಕಂಡುಬಂದಿದೆ. ಎಲ್ಲಕ್ಕಿಂತ ಸ್ಪಷ್ಟವಾಗಿ ರಕ್ತಹೀನತೆಯುಳ್ಳವರಲ್ಲಿ ಕಂಡುಬರುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019-21) ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯಿರುವುದಾಗಿ ಲೆಕ್ಕ ಸಿಕ್ಕಿತು. ಭಾರತಕ್ಕೆಲ್ಲ ಇದು 57. ಈ ಸಂಖ್ಯೆಯನ್ನೂ ನಾವು ವಿಮರ್ಶೆಯಿಲ್ಲದೆ ಒಪ್ಪಬೇಕಾಗಿಲ್ಲ. ಬೆರಳ ತುದಿಯ ಹನಿಯಿಂದ ಅಳೆದ ರಕ್ತಸಾಂದ್ರತೆ ಎಷ್ಟರಮಟ್ಟಿಗೆ ನಂಬಲರ್ಹವೆಂಬ ಬಗ್ಗೆ ತಜ್ಞರಲ್ಲಿ ವಿವಾದವಿದೆ. ಸಂಖ್ಯೆಯನ್ನು ಗಣನೀಯವಾಗಿ ಇಳಿಸಿಕೊಂಡರೂ ವಾದ ಮಾತ್ರ ಇಳಿಯುವುದಿಲ್ಲ. ಮೂರು ಹೆತ್ತು, ನಾಟಿಗೂ ಕಳೆಗೂ ಹೋಗಿ, ಮನೆಯವರೆಲ್ಲ ಉಂಡಮೇಲೆ ಉಳಿದುದನ್ನು ಉಣ್ಣುವ ಹೆಂಗಸಿನ ತೊಡೆಮೂಳೆಯಲ್ಲಿ ಕೆಂಪು ಮಜ್ಜೆ ಹೆಚ್ಚಾಗಿರುವುದು ರೋಗಲಕ್ಷಣವೋ, ಅವಳ ಬದುಕಿನ ಲಕ್ಷಣವೋ? ಅನ್ಯದೇಶದ ಸುಪುಷ್ಟ ದೇಹಗಳನ್ನು ನೋಡಿ ರಚಿಸಿದ ಪಟದ ಪಕ್ಕದಲ್ಲಿ ಅವಳ ಚಿತ್ರವನ್ನಿಟ್ಟರೆ ಅದು ವಿಲಕ್ಷಣವಾಗಿಯೇ ತೋರುತ್ತದೆ. 'ಮಜ್ಜೆಯಲ್ಲಿ ವ್ಯಾಪಕ ವ್ಯತ್ಯಾಸ, ಅರ್ಬುದವನ್ನು ತಳ್ಳಿಹಾಕಲಾಗದು' ಎಂಬ ಒಂದು ವಾಕ್ಯ ವರದಿಗೆ ಬಿದ್ದೊಡನೆ ಆ ಮನೆಯಲ್ಲಿ ಏನೇನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ದನವೋ ಗದ್ದೆಯ ಒಂದು ಕುಂಟೆಯೋ ಮಾರಾಟವಾಗುತ್ತದೆ. ಬೆಂಗಳೂರಿಗೆ ನಾಲ್ಕು ಸಲ ಓಡಾಟವಾಗುತ್ತದೆ. ಕೊನೆಗೆ ಕಬ್ಬಿಣದ ಮಾತ್ರೆ ಬರೆದುಕೊಡುತ್ತಾರೆ.

ಈ ಗೊಂದಲವನ್ನು ಪರಿಹರಿಸುವ ಉಪಾಯ ಶಾಸ್ತ್ರದಲ್ಲಿಯೇ ಇದೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕೊಬ್ಬಿನ ಸದ್ದೂ ನೀರಿನ ಸದ್ದೂ ಒಂದು ಗಳಿಗೆಯಲ್ಲಿ ಕೂಡಿಕೊಂಡು, ಇನ್ನೊಂದು ಗಳಿಗೆಯಲ್ಲಿ ಒಂದನ್ನೊಂದು ಕಳೆಯುತ್ತವೆ. ಎರಡು ಗಳಿಗೆಗಳಲ್ಲಿಯೂ ಅಚ್ಚು ತೆಗೆದು ಹೋಲಿಸಿದಾಗ ಎರಡನೆಯದರಲ್ಲಿ ಸದ್ದು ನೂರಕ್ಕೆ 20ಕ್ಕಿಂತ ಹೆಚ್ಚಾಗಿ ತಗ್ಗಿದರೆ ಅಲ್ಲಿ ಕೊಬ್ಬು ಇನ್ನೂ ಇದೆ, ಎಂದರೆ ಮಜ್ಜೆಯ ಸಹಜ ಹಂದರ ಇನ್ನೂ ನಾಶವಾಗಿಲ್ಲ, ಎಂದು ಬಹುಮಟ್ಟಿಗೆ ತಿಳಿಯಬಹುದು. ಕೆಲವೇ ನಿಮಿಷಗಳ ಕೆಲಸ. ಅದಕ್ಕಿಂತ ಅಗ್ಗದ ಉಪಾಯ ಇನ್ನೊಂದಿದೆ: ರೋಗಿಯ ರಕ್ತಸಾಂದ್ರತೆ ಎಷ್ಟೆಂಬುದನ್ನು ಚಿತ್ರಕ್ಕೆ ಕಳುಹಿಸುವ ಚೀಟಿಯಲ್ಲಿಯೇ ಬರೆದುಬಿಡುವುದು.

ಚೀಟಿಯ ಮಾತು ಬಂದುದರಿಂದ ಭಾಷೆಯ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಚರ್ಚಿಸಬೇಕಾಗಿದೆ; ಈ ವಿಷಯವಾಗಿ ಬಂದ ಬರಹಗಳು ಇದನ್ನು ಲಕ್ಷಿಸುವುದು ಕಡಿಮೆ. ಆಂಗ್ಲ ವೈದ್ಯಶಾಸ್ತ್ರವು ಬೆನ್ನಿನ ಕೆಳಭಾಗವನ್ನು ಒಂದು ಹೆಸರಿನಿಂದಲೂ, ತೊಡೆ ಮುಂಡಕ್ಕೆ ಸೇರುವ ಕೀಲನ್ನು ಬೇರೊಂದು ಹೆಸರಿನಿಂದಲೂ ಕರೆಯುತ್ತದೆ. ನಮ್ಮ ಸೀಮೆಯ ಆಡುನುಡಿಯಲ್ಲಿ 'ಸೊಂಟ' ಎಂಬುದು ಎರಡನ್ನೂ ಒಳಗೊಂಡು, ಬಹುಮಟ್ಟಿಗೆ ಮೊದಲನೆಯದನ್ನೇ ಸೂಚಿಸುತ್ತದೆ. 'ಸೊಂಟ ಹಿಡ್ಕೊಂಡದೆ' ಎಂದು ಪಾಂಡವಪುರದ ಕಡೆಯವನು ಹೇಳಿದರೆ ಅದು ಬೆನ್ನು. ಕೀಲಿಗೆ ಬೇರೆ ಮಾತು ಇಲ್ಲವೆಂದಲ್ಲ: ಚಪ್ಪೆಮೂಳೆ, ತೊಡೆಸಂದು ಎಂಬುವು ಉಂಟು. ಆದರೆ ಕೀಲಿನ ನೋವು ಕೀಲಿನಲ್ಲಿಯೇ ತೋರುವುದೆಂಬ ನೇಮವಿಲ್ಲ. ತೊಡೆಸಂದಿನಲ್ಲಿ ಹುಟ್ಟಿದ ನೋವು ನರದ ಹಾದಿಯಲ್ಲಿ ಇಳಿದು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದನ್ನು ಎಲ್ಲ ಪಠ್ಯಗಳೂ ಎಚ್ಚರಿಸುತ್ತವೆ. ಹೀಗಿರುವಲ್ಲಿ ಒಬ್ಬನು 'ಮಂಡಿ ನೋವು' ಎನ್ನುತ್ತಾನೆ, ಮತ್ತೊಬ್ಬಳು 'ಟೊಂಕ ನೋವು' ಎನ್ನುತ್ತಾಳೆ, ಮೂರನೆಯವನು 'ಕಾಲೇ ಸೇರಾಕಿಲ್ಲ' ಎನ್ನುತ್ತಾನೆ. ಮೂವರಿಗೂ ರೋಗ ತೊಡೆಮೂಳೆಯ ತಲೆಯಲ್ಲಿಯೇ ಇರಬಹುದು. ಕೇಳಿದವನು ಮಾತನ್ನು ಆಂಗ್ಲಕ್ಕೆ ತಿರುಗಿಸಿ ಚೀಟಿಯಲ್ಲಿ ಬರೆಯುವಾಗ ಮೂರು ಬೇರೆ ಬೇರೆ ಅಂಗಗಳು ಹುಟ್ಟಿಕೊಳ್ಳುತ್ತವೆ. ಒಬ್ಬನ ಮಂಡಿಯ ಚಿತ್ರ, ಇನ್ನೊಬ್ಬಳ ಬೆನ್ನುಮೂಳೆಯ ಚಿತ್ರ ತೆಗೆದು 'ವಿಶೇಷವೇನೂ ಇಲ್ಲ' ಎಂದು ವರದಿಯಾಗುತ್ತದೆ. ಚಿತ್ರ ಸರಿ, ವರದಿ ಸರಿ; ಕಲ್ಲು ಮಾತ್ರ ಬೇರೆ.

ಇದನ್ನು ತಿದ್ದಲು ದೊಡ್ಡ ಯಂತ್ರವೇನೂ ಬೇಕಾಗಿಲ್ಲ. 'ಚಕ್ಕಂಬಕ್ಕಳ ಹಾಕಿ ಕೂರಲು ಆಗುತ್ತದೆಯೇ? ಕುಕ್ಕರಗಾಲಿನಲ್ಲಿ ಕೂತರೆ ತೊಡೆಸಂದು ಹಿಡಿಯುತ್ತದೆಯೇ?' ಎಂಬೆರಡು ಪ್ರಶ್ನೆಗಳು ನೆಲದ ಮೇಲೆ ಕೂತು ಮುದ್ದೆ ಉಣ್ಣುವ ಜನರಲ್ಲಿ ಸೊಂಟದ ಕೀಲಿನ ಸ್ಥಿತಿಯನ್ನು ಬಹಳ ಬೇಗ ಹೊರಗೆಡಹುತ್ತವೆ. ಕೀಲಿನ ರೋಗದಲ್ಲಿ ಮೊದಲು ಕುಂದುವುದು ತೊಡೆಯನ್ನು ಒಳಕ್ಕೆ ತಿರುಗಿಸುವ, ಹೊರಕ್ಕೆ ಅಗಲಿಸುವ ಚಲನೆಗಳು. ಕುರ್ಚಿಯ ಜನರಿಗಾಗಿ ಬರೆದ ಪ್ರಶ್ನಾವಳಿಗಳಲ್ಲಿ ಕಾಲುಚೀಲ ಹಾಕಿಕೊಳ್ಳುವುದರ ಬಗೆಗೆ ಪ್ರಶ್ನೆಯಿದೆ. ಕೃಷ್ಣರಾಜಪೇಟೆಯ ಸಂತೆಯಲ್ಲಿ ಅದನ್ನು ಯಾರಿಗೆ ಕೇಳುವುದು?

ಈಗ ನಾಮಕರಣದ ಪ್ರಶ್ನೆ. ಕೊಬ್ಬಿನ ಸದ್ದಡಗಿಸಿದ ಟಿ-2 ಅಚ್ಚಿನಲ್ಲಿ ತೊಡೆಮೂಳೆಯ ತಲೆ ಮತ್ತು ಕುತ್ತಿಗೆ ಬೆಳ್ಳಗೆ ಮಿನುಗಿದರೆ ಅದನ್ನು 'ಮಜ್ಜೆಯ ಎಡಿಮಾ', ಎಂದರೆ ನೀರು ತುಂಬಿದ ಬಾವು, ಎಂದು ಬರೆಯುತ್ತಾರೆ. ಈ ಹೆಸರಿಗೂ ಒಂದು ಚರಿತ್ರೆಯಿದೆ. 1959ರಲ್ಲಿ ಕರ್ಟಿಸ್ ಮತ್ತು ಕಿಂಕೇಡ್ ಎಂಬ ವೈದ್ಯರು, ಗರ್ಭದ ಕೊನೆಯ ತಿಂಗಳುಗಳಲ್ಲಿದ್ದ ಮೂವರು ಹೆಂಗಸರಲ್ಲಿ ಸೊಂಟದ ಕೀಲಿನ ಮೂಳೆ ತಾತ್ಕಾಲಿಕವಾಗಿ ಸುಣ್ಣ ಕಳೆದುಕೊಂಡು, ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋದುದನ್ನು ವರ್ಣಿಸಿದರು. ಅವರಿಗಿದ್ದುದು ಎಕ್ಸ್-ರೇ ಮಾತ್ರ. 1988ರಲ್ಲಿ ವಿಲ್ಸನ್ ಮೊದಲಾದವರು ಇಂತಹ ರೋಗಿಗಳ ಕಾಂತೀಯ ಚಿತ್ರಗಳನ್ನು ಪರೀಕ್ಷಿಸಿ, ಇದು ಮಜ್ಜೆಯ ತಾತ್ಕಾಲಿಕ ಎಡಿಮಾ ಇರಬಹುದೇ ಎಂದು ಕೇಳಿದರು. ಅವರ ಶೀರ್ಷಿಕೆಯ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿದ್ದಿತು. ಅನಂತರ ಬಂದವರು ಆ ಚಿಹ್ನೆಯನ್ನು ಕೈಬಿಟ್ಟು ಹೆಸರನ್ನು ಮಾತ್ರ ಇಟ್ಟುಕೊಂಡರು. ಇತಿಹಾಸ ಬರೆವಣಿಗೆಯಲ್ಲಿಯೂ ಇದು ಹೊಸತಲ್ಲ: ಒಬ್ಬ ವಿದ್ವಾಂಸನ ಊಹೆ ಮುಂದಿನ ಪೀಳಿಗೆಯ ಅಡಿಟಿಪ್ಪಣಿಯಲ್ಲಿ ಪ್ರಮಾಣವಾಗುತ್ತದೆ. 2000ದಲ್ಲಿ ಜೂರಿಚ್‌ನ ಸಂಶೋಧಕರು ಸವೆದ ಮೊಣಕಾಲಿನ ಕೀಲುಗಳನ್ನು ಬದಲಾಯಿಸುವ ಮುನ್ನ ಚಿತ್ರ ತೆಗೆದು, ಕತ್ತರಿಸಿದ ಮೂಳೆಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ 'ಎಡಿಮಾ' ಎಂದು ಬೆಳ್ಳಗೆ ಕಂಡ ಜಾಗದಲ್ಲಿ ನಿಜವಾದ ಎಡಿಮಾ ಅತ್ಯಲ್ಪವಾಗಿತ್ತು. ಬಹುಭಾಗ ಸಹಜ ಕೊಬ್ಬಿನ ಮಜ್ಜೆ, ಜೊತೆಗೆ ಅಲ್ಲಲ್ಲಿ ಸತ್ತ ಮತ್ತು ನಾರುಗಟ್ಟಿದ ಮಜ್ಜೆ. ಅಂದಮೇಲೆ 'ಎಡಿಮಾದಂತಹ ಸಂಕೇತ' ಎಂದು ಬರೆಯುವ ಎಚ್ಚರಿಕೆಯ ವೈದ್ಯರನ್ನು ಅಭಿನಂದಿಸಬೇಕು. 'ಅಂತಹ' ಎಂಬ ಒಂದು ಮಾತಿನಲ್ಲಿ ಪಡಿಯಚ್ಚಿಗೂ ಕಲ್ಲಿಗೂ ಇರುವ ಅಂತರವೆಲ್ಲ ಅಡಗಿದೆ.

ಈ ಹೆಸರುಗಳ ವ್ಯತ್ಯಾಸ ಕೇವಲ ಪಂಡಿತರ ಕಲಹವಲ್ಲ. ತೊಡೆಮೂಳೆಯ ತಲೆಗೆ ರಕ್ತ ತಲಪದೆ ಮೂಳೆ ಸಾಯುವ ರೋಗವೂ ಇದೇ ಜಾಗದಲ್ಲಿ ಬರುತ್ತದೆ. ಫಿಕಾಟ್ ಎಂಬ ಶಸ್ತ್ರವೈದ್ಯನ ವಿಂಗಡಣೆಯ ಮೊದಲ ಹಂತದಲ್ಲಿ ನೋವಿರುತ್ತದೆ, ಎಕ್ಸ್-ರೇ ನಿರ್ಮಲವಾಗಿರುತ್ತದೆ. ಕಾಂತೀಯ ಚಿತ್ರ ಮಾತ್ರವೇ ಆಗ ಸಾಕ್ಷಿ. ಸತ್ತ ಭಾಗದ ಸುತ್ತ ಟಿ-1 ಅಚ್ಚಿನಲ್ಲಿ ಒಂದು ಕಪ್ಪು ಪಟ್ಟಿ, ಟಿ-2 ಅಚ್ಚಿನಲ್ಲಿ ಕಪ್ಪಿನ ಒಳಗೆ ಬಿಳಿ ಗೆರೆ. ಈ ಜೋಡಿಗೆರೆಯ ಲಕ್ಷಣವನ್ನು 1987ರಲ್ಲಿ ವರ್ಣಿಸಲಾಯಿತು. ಪಟ್ಟಿಯಿದ್ದರೆ ಮೂಳೆ ಸತ್ತಿದೆ. ಪಟ್ಟಿಯಿಲ್ಲದೆ ಬರಿಯ ಮಿನುಗು ವ್ಯಾಪಿಸಿದ್ದರೆ ತಾತ್ಕಾಲಿಕ ರೋಗವಾಗಿರುವ ಸಂಭವ ಹೆಚ್ಚು. ಮೊದಲನೆಯದನ್ನು ಎರಡನೆಯದೆಂದು ಓದಿದರೆ ಮೂಳೆಯ ತಲೆ ಕುಸಿಯುವವರೆಗೂ ಕಾದಂತಾಗುತ್ತದೆ. ಎರಡನೆಯದನ್ನು ಮೊದಲನೆಯದೆಂದು ಓದಿದರೆ, ಊರುಗೋಲು ಹಿಡಿದು ಆರೇಳು ತಿಂಗಳು, ಹೆಚ್ಚೆಂದರೆ ವರ್ಷವೊಂದು, ಭಾರ ಹಾಕದೆ ನಡೆದಿದ್ದರೆ ತಾನಾಗಿಯೇ ಗುಣವಾಗುತ್ತಿದ್ದ ಮೂಳೆಯನ್ನು ಕೊರೆದಂತಾಗುತ್ತದೆ. ಅಥವಾ ಕೀಲನ್ನೇ ಬದಲಾಯಿಸಿದಂತಾಗುತ್ತದೆ. ಬದಲಿ ಕೀಲು ಬಂದವರಿಗೆ ಕುಕ್ಕರಗಾಲಿನಲ್ಲಿ ಕೂರಬಾರದು, ನೆಲದ ಮೇಲೆ ಕೂರಬಾರದು ಎಂದು ಸಾಮಾನ್ಯವಾಗಿ ಹೇಳಿಕಳುಹಿಸುತ್ತಾರೆ. ಕಬ್ಬಿನ ಬುಡ ಕಡಿಯುವವನಿಗೆ, ಆಲೆಮನೆಯ ಒಲೆಗೆ ಉರಿ ಹಾಕುವವನಿಗೆ, ಹಸುವಿನ ಹಾಲು ಕರೆಯುವವಳಿಗೆ ಈ ಮಾತಿನ ಅರ್ಥ ಕಸುಬು ಮುಗಿಯಿತೆಂದೇ. ಎರಡು ಗೆರೆಗಳನ್ನು ಸರಿಯಾಗಿ ಓದುವುದರಲ್ಲಿ ಇಷ್ಟು ಇದೆ.

ದಾಖಲೆಯನ್ನು ಓದಿ ಜನರನ್ನು ಓದದೆ ಬಿಡುವ ಪ್ರವೃತ್ತಿಗೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಸೊಂಟದ ಕೀಲು ಸವೆದು ನಡೆಯಲಾರದಂತಾದ ಕುಟುಂಬಗಳು ವೈದ್ಯರ ಗಮನಕ್ಕೆ ಬಂದುವು. ಇವರು ಎರಡು ದಲಿತ ಸಮುದಾಯಗಳಿಗೆ ಸೇರಿದ ಕೂಲಿಕಾರರು. ಮಲೆನಾಡಿನ ಗದ್ದೆಗಳಿಗೆ ಕೀಟನಾಶಕ ಬಂದುದೂ, ಅದೇ ಗದ್ದೆಯ ಏಡಿಗಳನ್ನು ಇವರು ತಿನ್ನುತ್ತಿದ್ದುದೂ ಸೇರಿ, ರೋಗಕ್ಕೆ ಅದೇ ಮೂಲವೆಂಬ ಊಹೆ ಮೊದಲಿಗೆ ಬಲವಾಗಿ ಹಬ್ಬಿತು. ಮುಂದೆ ವಂಶವೃಕ್ಷಗಳನ್ನೂ ಎಕ್ಸ್-ರೇಗಳನ್ನೂ ಕೂಡಿಸಿ ನೋಡಿದವರು ಇದು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ, ಮೂಳೆಯ ಬೆಳವಣಿಗೆಯ ದೋಷವೆಂದು 1994ರ ಲೇಖನವೊಂದರಲ್ಲಿ ನಿರೂಪಿಸಿದರು. 1997ರಲ್ಲಿ ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿನ ರೋಗದೊಂದಿಗೆ ಇದನ್ನು ಹೋಲಿಸಿದರು. ಏಡಿಯ ಊಹೆಗಿಂತ ವಂಶವೃಕ್ಷದ ಸಾಕ್ಷ್ಯ ಬಲವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ರೋಗದೊಂದಿಗೆ ಊರಿನ ಹೆಸರು ಅಂಟಿಕೊಂಡುಬಿಟ್ಟಿತು. ಹಂದಿಗೋಡು ಎಂದರೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದು ಒಂದು ಊರಲ್ಲ, ಒಂದು ವಿಕಲತೆ. ಆ ಊರಿನ ಜನರ ಕೂಲಿ, ಉಣಿಸು, ಮದುವೆಯ ಸಂಬಂಧಗಳ ಎಲ್ಲೆ, ಇವು ಆ ಲೇಖನಗಳಲ್ಲಿ ರೋಗವನ್ನು ವಿವರಿಸುವ ಮಟ್ಟಿಗೆ ಮಾತ್ರ ಬಂದು ಹೋಗುತ್ತವೆ. ಅಲ್ಲಿನ ಸಮಾಜದ ಇತಿಹಾಸವನ್ನು ಬರೆಯುವ ಹೊಣೆ ವೈದ್ಯರದಲ್ಲ, ಅದು ನಮ್ಮದಾಗಿತ್ತು.

ಮೂಳೆ ಸಾಯುವ ರೋಗದ ಕಾರಣಗಳ ವಿಚಾರದಲ್ಲಿಯೂ ಚಿತ್ರಕ್ಕಿರುವ ಎಲ್ಲೆ ಸ್ಪಷ್ಟವಾಗುತ್ತದೆ. ಜೋಡಿಗೆರೆ ಕಂಡಾಗ ಮೂಳೆ ಸತ್ತಿದೆಯೆಂದು ಚಿತ್ರ ಹೇಳುತ್ತದೆ. ಏಕೆ ಸತ್ತಿತೆಂಬುದನ್ನು ಹೇಳುವುದಿಲ್ಲ. ಕುತ್ತಿಗೆ ಮುರಿದುದರಿಂದಲೋ, ಬಹುಕಾಲದ ಮದ್ಯಪಾನದಿಂದಲೋ, ಕುಡುಗೋಲಿನಾಕಾರದ ರಕ್ತಕಣಗಳ ರೋಗದಿಂದಲೋ, ಸ್ಟೆರಾಯ್ಡ್ ಔಷಧಿಯಿಂದಲೋ? ಗೆರೆಗಳು ಎಲ್ಲದರಲ್ಲಿಯೂ ಒಂದೇ. 2021ರಲ್ಲಿ ಮುಂಬಯಿಯ ವೈದ್ಯರು ಕೋವಿಡ್ ಬಂದು ಸ್ಟೆರಾಯ್ಡ್ ಪಡೆದ ಮೂವರಲ್ಲಿ ಈ ರೋಗವನ್ನು ವರದಿ ಮಾಡಿದರು. ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದವರೆಗೆ ಹಿಡಿಯುವ ರೋಗ ಅವರಲ್ಲಿ ಸರಾಸರಿ 58 ದಿನಗಳಲ್ಲಿಯೇ ನೋವಿನಿಂದ ಹೊರಬಿದ್ದಿತ್ತು. ಅವರು ಅದನ್ನು ಗುರುತಿಸಬಲ್ಲವರಾದುದು ಚಿತ್ರದಿಂದ ಮಾತ್ರವಲ್ಲ, ಆ ಮೂವರು ಯಾವ ಔಷಧವನ್ನು ಎಷ್ಟು ತೆಗೆದುಕೊಂಡಿದ್ದರೆಂಬ ಲಿಖಿತ ದಾಖಲೆಯಿಂದ. ಹಳ್ಳಿಯಲ್ಲಿ ಮೈಕೈ ನೋವಿಗೆಂದು ಚೀಟಿಯಿಲ್ಲದೆ ಮಾರುವ, ಹೆಸರಿಲ್ಲದ ಪೊಟ್ಟಣದ ಪುಡಿಯಲ್ಲಿ ಸ್ಟೆರಾಯ್ಡ್ ಇದ್ದರೆ ಅದಕ್ಕೆ ದಾಖಲೆಯೆಲ್ಲಿಯದು? ಕೇಳಿ ತಿಳಿದುಕೊಳ್ಳುವುದೊಂದೇ ದಾರಿ. ಅದೂ ರೋಗಿ ನಾಚಿಕೆಪಡದಂತೆ, ಹೆದರದಂತೆ ಕೇಳಬೇಕು.

ನಮ್ಮ ಆಸ್ಪತ್ರೆಗಳಲ್ಲಿ ಈ ಕೇಳುವ ಕೆಲಸಕ್ಕೆ 'ಹಿಸ್ಟರಿ ತೆಗೆದುಕೊಳ್ಳುವುದು' ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ. ಪೂರ್ವವೃತ್ತಾಂತವನ್ನು ಬರೆಯುವ ಜಾಗ ಚಿತ್ರದ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಗೆರೆಯಷ್ಟು ಇರುತ್ತದೆ. ಅದರಲ್ಲಿ ಹಲವು ವೇಳೆ 'ಸೊಂಟ ನೋವು, ಮೂರು ತಿಂಗಳು' ಎಂಬುದಕ್ಕಿಂತ ಹೆಚ್ಚು ಇರುವುದಿಲ್ಲ. ವಯಸ್ಸು, ಕಸುಬು, ಹೆಂಗಸಾದರೆ ಹೆರಿಗೆಗಳ ಸಂಖ್ಯೆ, ರಕ್ತಸಾಂದ್ರತೆ, ತೆಗೆದುಕೊಂಡ ಔಷಧಗಳು, ಕುಡಿತ, ಹಿಂದೆ ಬಿದ್ದುದು, ಕುಳಿತುಕೊಳ್ಳುವಾಗ ನೋವು ಎಲ್ಲಿ ಹಿಡಿಯುತ್ತದೆ ಎಂಬುದು. ಇಷ್ಟನ್ನು ಕನ್ನಡದಲ್ಲಿ ಕೇಳಿ, ರೋಗಿಯ ಮಾತನ್ನು ಅವನ ಮಾತಿನಲ್ಲಿಯೇ ಒಂದು ಸಾಲು ಬರೆದು, ಅನಂತರ ಆಂಗ್ಲ ಪಾರಿಭಾಷಿಕವನ್ನು ಸೇರಿಸಿದರೆ ಹಾಳೆಯ ಅರ್ಧಭಾಗ ಸಾಕು. ಶಾಸನ ಸಂಪುಟಗಳಲ್ಲಿಯೂ ಮೂಲ ಪಾಠವನ್ನು ಮೊದಲು ಅಚ್ಚುಮಾಡಿ, ಅನುವಾದವನ್ನು ಬೇರೆಯಾಗಿಯೇ ಕೊಡುತ್ತಾರೆ.